ಬಟ್ಟೆ ನೋಡಿ ಒಗೆಯುವುದು

“ಹಿಂದಿನ ಕಾಲದ ಬಟ್ಟೆ ಎಷ್ಟು ಗಟ್ಟಿ ಇರ್ತಿತ್ತು” ಎಂದು ನನ್ನ ಓರಗೆಯವರು ಹೇಳಿದಾಗಲೆಲ್ಲ ನನ್ನದು ತಕರಾರು. ಬಟ್ಟೆ ತಾನಾಗಿ ಗಟ್ಟಿ ಇರಲಿಲ್ಲ. ಇದ್ದದ್ದೇ ಕಡಿಮೆ, ಅದನ್ನು ಜನ ಬಾಳಿಸುತ್ತಿದ್ದರು. 1970ರ ದಶಕದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಂಗಿಯ ಕಾಲರು ಸವೆದರೆ ಬಿಚ್ಚಿ, ತಿರುವಿ ಹಾಕಿ ಹೊಲಿಯುತ್ತಿದ್ದರು. ಹರಿದ ಪಂಚೆ ಮೈ ಒರೆಸುವ ತುಂಡಾಗುತ್ತಿತ್ತು, ಅದೂ ಹರಿದರೆ ಒಲೆಕಟ್ಟೆಯ ಮಸಿಬಟ್ಟೆ. ಹಳೇ ಸೀರೆಗಳೆಲ್ಲ ಕೌದಿಯೊಳಗೆ ಸೇರುತ್ತಿದ್ದವು. ಹೀಗೆ ಕೊನೆಯ ಎಳೆಯವರೆಗೂ ಬಳಸಿದ್ದನ್ನು ಗಟ್ಟಿತನ ಎಂದು ಈಗ ನೆನಪಿಸಿಕೊಳ್ಳುತ್ತೇವೆ.

ಒಗೆಯುವ ಕಲ್ಲಂತೂ ಬಟ್ಟೆಯ ಸ್ನೇಹಿತನಾಗಿರಲಿಲ್ಲ. ಕಲ್ಲಿಗೆ ಬಡಿದ ಅಂಗಿಯ ಗುಂಡಿ ಒಡೆಯುತ್ತಿತ್ತು, ಹೊಲಿಗೆ ಬಿಡುತ್ತಿತ್ತು, ಸೀರೆಯ ಅಂಚು ಎಳೆಎಳೆಯಾಗುತ್ತಿತ್ತು. ಬಾವಿಕಟ್ಟೆಯ ಪಕ್ಕದ ಆ ಕಲ್ಲಿನ ಮುಂದೆ ಅಮ್ಮ ಸೊಂಟ ಬಗ್ಗಿಸಿ ನಿಂತರೆ ಬೆಳಗಿನ ಹೊತ್ತೆಲ್ಲ ಅಲ್ಲಿಗೇ ಆಯಿತು. ನೀರು ಸೇದಬೇಕು, ನೆನೆಸಬೇಕು, ಸೋಪು ಹಚ್ಚಿ ತಿಕ್ಕಬೇಕು, ಕುಕ್ಕಬೇಕು, ಜಾಲಿಸಬೇಕು, ಹಿಂಡಬೇಕು. ದಪ್ಪ ಜಮಖಾನವಾದರೆ ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಬೇಕು. ಮಳೆಗಾಲದಲ್ಲಿ ಅಮ್ಮನ ಬೆರಳ ಸಂದು ಬಿರಿದು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕಲ್ಲಿನ ಒಗೆತಕ್ಕೆ ಈಗಿನ ಯಂತ್ರ ಸಾಟಿಯಲ್ಲ ಎನ್ನುವವರಲ್ಲಿ ಹೆಚ್ಚಿನವರು ಆ ಕಲ್ಲಿನ ಮುಂದೆ ನಿಂತವರಲ್ಲ.

ಆದರೆ ಅಮ್ಮನಿಗೆ ಬಟ್ಟೆ ಗೊತ್ತಿತ್ತು. ಸೋಪು ಮುಟ್ಟುವ ಮೊದಲು ರಾಶಿಯನ್ನು ಬಿಡಿಸಿ ಗುಡ್ಡೆ ಮಾಡುತ್ತಿದ್ದಳು. ಬಿಳಿ ಒಂದು ಕಡೆ, ಬಣ್ಣ ಒಂದು ಕಡೆ, ತೋಟದ ಬಟ್ಟೆ ಇನ್ನೊಂದು ಕಡೆ. ಅಡಿಕೆ ಸುಲಿಯುವಾಗ ತಾಗುವ ಚೊಗರು, ಬಾಳೆಯ ಕರೆ, ಇವು ಹತ್ತಿಬಟ್ಟೆಗೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಅದಕ್ಕೇ ತೋಟಕ್ಕೆ ಬೇರೆಯೇ ಅಂಗಿ, ಬೇರೆಯೇ ಪಂಚೆ. ತೆಗೆಯಲಾಗದ ಕರೆಯನ್ನು ಬೀಳದಂತೆ ನೋಡಿಕೊಳ್ಳುವುದೇ ಉಪಾಯವಾಗಿತ್ತು. ಹೊಸ ಇಳಕಲ್ ಸೀರೆ ಬಂದರೆ ಅತ್ತಿಗೆಗೆ ಎಚ್ಚರಿಕೆ ಹೋಗುತ್ತಿತ್ತು: “ಅದನ್ನ ಬೇರೆ ಬಕೀಟಲ್ಲಿ ಹಾಕೇ, ಉಪ್ಪು ನೀರಲ್ಲಿ. ಸೆರಗು ಕೆಂಪು ಬಿಡತ್ತೆ.” ಉಪ್ಪು ಬಣ್ಣವನ್ನು ಕಟ್ಟಿಹಾಕುತ್ತದೆ ಎಂಬುದು ಪೂರ್ತಿ ನಿಜವಲ್ಲ. ಸರಿಯಾಗಿ ಕೂರದ ಬಣ್ಣ ಉಪ್ಪಿಗೂ ನಿಲ್ಲುವುದಿಲ್ಲ. ಬೇರೆ ಬಕೀಟು ಎಂಬುದೇ ನಿಜವಾಗಿ ಉಳಿದ ಬಟ್ಟೆಗಳನ್ನು ಕಾಪಾಡಿದ್ದು.

ಸೋಪು ಎಂದರೆ ಬಾರ್ ಸೋಪು. ಪೇಟೆಯ ಅಂಗಡಿಯಲ್ಲಿ ಮೊಳದಷ್ಟು ಉದ್ದದ ಹಳದಿ ಬಾರನ್ನು ತುಂಡು ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಮನೆಗೆ ತಂದ ತುಂಡುಗಳನ್ನು ಅಮ್ಮ ಕೂಡಲೇ ಬಳಸುತ್ತಿರಲಿಲ್ಲ. ಅಟ್ಟದ ಮೇಲೆ ಜೋಡಿಸಿ ಒಣಗಿಸುತ್ತಿದ್ದಳು. ಒಣಗಿದ ಸೋಪು ಗಟ್ಟಿಯಾಗಿ ನೀರಿನಲ್ಲಿ ನಿಧಾನ ಕರಗುತ್ತದೆ, ಹೆಚ್ಚು ದಿನ ಬರುತ್ತದೆ.

ಮದುವೆಯಾಗಿ ಬೆಂಗಳೂರಿಗೆ ಬಂದಾಗ ಅದೇ ಸೋಪು ಕೈಕೊಟ್ಟಿತು. ಎಷ್ಟು ತಿಕ್ಕಿದರೂ ನೊರೆ ಏಳದು. ಬಕೀಟಿನ ಸುತ್ತ ಬಿಳಿ ಗಷ್ಟು, ಬನಿಯನ್ನುಗಳೆಲ್ಲ ತಿಂಗಳೊಪ್ಪತ್ತಿನಲ್ಲಿ ಬೂದುಬಣ್ಣ. ತಪ್ಪು ಸೋಪಿನದಲ್ಲ, ನೀರಿನದು. ಮಲೆನಾಡಿನ ಹೊಳೆಯದೂ ಮಳೆಯದೂ ಮೆದು ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸೋಪು ಅವುಗಳೊಡನೆ ಸೇರಿ ಕರಗದ ಗಷ್ಟಾಗಿ ಬಟ್ಟೆಯ ಎಳೆಯೊಳಗೆ ಕೂರುತ್ತದೆ. ಇಂಥ ಊರುಗಳಿಗೆ ಡಿಟರ್ಜೆಂಟ್ ಪುಡಿ ದೊಡ್ಡ ಉಪಕಾರ ಮಾಡಿತು. ಸರ್ಫ್ 1959ರಲ್ಲಿಯೇ ಬಂದಿತ್ತು. ಆದರೆ ಅದು ಉಳ್ಳವರ ಮನೆಯ ಸಾಮಾನು. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯ್ ಪಟೇಲ್ ಮನೆಯಲ್ಲೇ ಪುಡಿ ಕಲಸಿ ಸೈಕಲ್ ಮೇಲೆ ಮಾರಲು ತೊಡಗಿದ ನಿರ್ಮಾ, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮಂಥವರ ಬಚ್ಚಲಿಗೂ ಪುಡಿಯನ್ನು ತಲುಪಿಸಿತು. ಜೊತೆಗೆ ಟೆರಿಕಾಟ್ ಬಂತು. ಒಗೆದು ಉದುರಿಸಿ ಹಾಕಿದರೆ ಸುಕ್ಕಿಲ್ಲ, ಬೇಗ ಒಣಗುತ್ತದೆ. ಬೆವರಿಗೆ ಅದು ಎಷ್ಟೇ ಹಿಂಸೆಯಾದರೂ, ಒಗೆಯುವ ಕೈಗಳಿಗೆ ಅಷ್ಟು ಬಿಡುವು ಕೊಟ್ಟ ಬಟ್ಟೆ ಬೇರೊಂದಿಲ್ಲ.

ಊರಿನಲ್ಲಿ ದೊಡ್ಡ ಬಟ್ಟೆಗಳನ್ನು ಒಯ್ಯಲು ಮಡಿವಾಳ ದಂಪತಿ ಬರುತ್ತಿದ್ದರು. ಹಾಸಿಗೆ ಹೊದಿಕೆ, ಪಂಚೆ, ಹೆರಿಗೆಯ ಮನೆಯ ಬಟ್ಟೆ, ಸೂತಕದ ಬಟ್ಟೆ, ಹೀಗೆ ಮನೆಯವರು ಮುಟ್ಟಲೊಲ್ಲದ್ದೆಲ್ಲ ಅವರ ಗಂಟಿಗೆ. ಅವರದು ನಿಜವಾದ ವಿದ್ಯೆ. ಕೊಳೆ ಬಟ್ಟೆಯನ್ನು ಸೋಡಾ ಬೆರೆತ ನೀರಿನಲ್ಲಿ ಅದ್ದಿ, ದೊಡ್ಡ ಪಾತ್ರೆಯ ಬಾಯಿಗೆ ಸುತ್ತಿ ಪೇರಿಸಿ, ಕೆಳಗೆ ಬೆಂಕಿ ಮಾಡಿ ಆವಿಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದು ಎನ್ನುತ್ತಿದ್ದರು. ಬಯಲುಸೀಮೆಯಲ್ಲಿ ಇದಕ್ಕೇ ಚೌಳು ಮಣ್ಣು ಬಳಸುತ್ತಿದ್ದರಂತೆ. ಕ್ಷಾರವೂ ಆವಿಯೂ ಸೇರಿ ಮೈಯ ಜಿಡ್ಡನ್ನು ಬಿಡಿಸುತ್ತವೆ. ಬೆಳಿಗ್ಗೆ ಹೊಳೆಯಲ್ಲಿ ಜಾಲಿಸಿದರೆ ಹತ್ತಿ ಬೆಳ್ಳಗೆ ಬರುತ್ತಿತ್ತು. ಯಾರ ಮನೆಯದು ಯಾವುದು ಎಂದು ತಿಳಿಯಲು ಕರಿಗೇರು ಕಾಯಿ. ಸೂಜಿಯಿಂದ ಕಾಯಿಯನ್ನು ಚುಚ್ಚಿ, ಒಸರಿದ ರಸದಿಂದ ಬಟ್ಟೆಯ ಮೂಲೆಯಲ್ಲಿ ಚುಕ್ಕೆ ಇಟ್ಟು, ಮೇಲೆ ಸುಣ್ಣ ಸವರುವರು. ಅದು ಕಪ್ಪಾಗಿ ಕೂತರೆ ಬಟ್ಟೆ ಹರಿದರೂ ಗುರುತು ಹೋಗದು. ನಮ್ಮ ಮನೆಯದು ಸಾಲಾಗಿ ಮೂರು ಚುಕ್ಕೆ, ಪಕ್ಕದ ಮನೆಯದು ಒಂದು ಗೀಟು ಒಂದು ಚುಕ್ಕೆ. ಆ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಆ ಹೆಂಗಸಿನ ಬೆರಳ ತುದಿಗಳು ಕಪ್ಪಗೆ ಸುಟ್ಟಂತಿದ್ದವು.

ಇದಕ್ಕೆ ಪ್ರತಿಫಲ ಸುಗ್ಗಿಯಲ್ಲಿ ಅಳೆದು ಕೊಡುವ ಭತ್ತ, ಹಬ್ಬದಲ್ಲಿ ಎಡೆ, ಹಳೇ ಬಟ್ಟೆ. ಅವರಿಗೆ ಅಂಗಳದಿಂದ ಮೇಲೆ ಪ್ರವೇಶವಿರಲಿಲ್ಲ. ಮಕ್ಕಳಾದ ನಾವೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. 12ನೇ ಶತಮಾನದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದ ಮಡಿವಾಳ ಮಾಚಿದೇವರ ವಚನಗಳನ್ನು ಗೌರವದಿಂದ ಓದುವ ನಾಡಿನಲ್ಲಿಯೇ ಇದು ನಡೆದದ್ದು. ನಮ್ಮೂರಿನ ಆ ಮಡಿವಾಳ ದಂಪತಿಯ ಮಗ ಓದಿ ಬೇರೆ ಕೆಲಸ ಹಿಡಿದಾಗ “ಇನ್ನು ಬಟ್ಟೆ ಯಾರಿಗೆ ಕೊಡೋದು” ಎಂದು ಊರು ಗೊಣಗಿತು. ಗಂಟು ಹೊರುವುದು ಆ ಮನೆಯಲ್ಲಿ ನಿಂತದ್ದು ಒಳ್ಳೆಯದೇ ಆಯಿತು. ಉಬ್ಬೆಯ ಬಿಳುಪಿನ ನೆನಪನ್ನು ಹೇಳುವವರು ಇದನ್ನೂ ಜೊತೆಗೇ ಹೇಳಬೇಕು.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬಿಸಿಲು ಕಾಣುತ್ತಿರಲಿಲ್ಲ. ಬಚ್ಚಲೊಲೆಯ ಮೇಲಿನ ಗಳದಲ್ಲಿ ಹರವಿದ ಅಂಗಿಗೆ ಹೊಗೆಯ ವಾಸನೆ, ಹರವದ್ದಕ್ಕೆ ಕಮಟು ವಾಸನೆ. ಶಾಲೆಯಲ್ಲಿ ಇಡೀ ತರಗತಿಯೇ ಹೊಗೆ ನಾರುತ್ತಿತ್ತು. ಒದ್ದೆ ಬಟ್ಟೆ ಮಡಚಿಟ್ಟರೆ ಬೂಷ್ಟಿನ ಕಪ್ಪು ಚುಕ್ಕೆ ಬಿದ್ದು ಬಟ್ಟೆಯೇ ಹಾಳು. ಈಗ ಯಂತ್ರದ ಸ್ಪಿನ್ ನೀರನ್ನೆಲ್ಲ ಹಿಂಡಿ ಕೊಡುತ್ತದಲ್ಲ, ಮಲೆನಾಡಿನ ಮನೆಗಳಲ್ಲಿ ಅದರ ಬೆಲೆ ಎಷ್ಟೆಂದು ಅಲ್ಲಿ ಇದ್ದವರಿಗೇ ಗೊತ್ತು.

ಬಿಳಿ ಬಟ್ಟೆಗೆ ನೀಲಿ ಹಾಕುವುದನ್ನು ನಾನು ಅಮ್ಮನಿಂದ ಕಲಿತೆ. ನೀಲಿಪುಡಿಯನ್ನು ಬಟ್ಟೆಚೂರಿನಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅದುಮಿ, ಅಂಗೈಯಲ್ಲಿ ಒಂದಿಷ್ಟು ನೀರು ತೆಗೆದು ಬಣ್ಣ ನೋಡಿ, ಪಂಚೆಯನ್ನು ಅದ್ದಿ ತಕ್ಷಣ ಎತ್ತುವುದು. ಅರೆಕ್ಷಣ ತಡವಾದರೆ ಮಚ್ಚೆ. ಹಳದಿಗೆ ತಿರುಗುವ ಹತ್ತಿಯ ಮೇಲೆ ತೆಳು ನೀಲಿ ಕೂತರೆ ಕಣ್ಣಿಗೆ ಬಿಳಿ ಕಾಣುತ್ತದೆ, ಅಷ್ಟೇ ಅದರ ಗುಟ್ಟು. 1983ರಲ್ಲಿ ಶುರುವಾದ ಉಜಾಲಾದಂಥ ದ್ರವಗಳು ಈ ಮಚ್ಚೆಯ ಕಾಟ ತಪ್ಪಿಸಿದವು. ಇಂದಿನ ಪುಡಿಗಳಲ್ಲಿ ಬೆರೆಸುವ ಹೊಳಪುಕಾರಕಗಳೂ ಮಾಡುವುದು ಅದನ್ನೇ: ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಚೆಲ್ಲುತ್ತವೆ. ಬಟ್ಟೆ ಶುಭ್ರವಾಯಿತೋ ಇಲ್ಲವೋ ಎಂಬುದು ಬೇರೆಯೇ ವಿಷಯ.

ಈಗ ನಮ್ಮ ಮನೆಯಲ್ಲಿ ಯಂತ್ರವಿದೆ, ನಾನು ಅದನ್ನು ಬಿಡಲಾರೆ. ಆದರೆ ಅಮ್ಮ ಮಾಡುತ್ತಿದ್ದ ಗುಡ್ಡೆಗಳು ಹೆಚ್ಚಿನ ಮನೆಗಳಲ್ಲಿ ಮಾಯವಾಗಿವೆ. ಜೀನ್ಸು, ಟವೆಲು, ಮಗಳ ರೇಷ್ಮೆ ದುಪ್ಪಟ್ಟಾ ಎಲ್ಲವೂ ಒಂದೇ ಡ್ರಮ್ಮಿಗೆ. ಯಂತ್ರ ತುಂಬಿ ತುಳುಕಿದರೆ ಬಟ್ಟೆ ಹೊರಳಲು ಜಾಗವಿಲ್ಲ, ಕೊಳೆ ಹೋಗುವುದಿಲ್ಲ. ಹೋಗಲಿಲ್ಲವೆಂದು ಇನ್ನೊಂದು ಮುಷ್ಟಿ ಪುಡಿ. ಆ ಪುಡಿ ಪೂರ್ತಿ ಜಾಲಿಸಿ ಹೋಗದೆ ಎಳೆಯಲ್ಲೇ ಉಳಿದು ಕಪ್ಪು ಬಟ್ಟೆಯನ್ನು ಮಂಕು ಮಾಡುತ್ತದೆ, ಟವೆಲನ್ನು ಬಿರುಸು ಮಾಡುತ್ತದೆ. ಬಿರುಸಾಯಿತೆಂದು ಕಂಡೀಷನರ್ ಹಾಕುತ್ತಾರೆ. ಅದು ಎಳೆಗೆ ಜಿಡ್ಡಿನಂತೆ ಅಂಟಿ, ಟವೆಲು ನೀರನ್ನೇ ಹೀರದಂತಾಗುತ್ತದೆ. ನಮ್ಮ ಕಾಲದ ಬಟ್ಟೆ ಕಲ್ಲೇಟಿಗೆ ಸತ್ತರೆ ಈಗಿನದು ಅತಿ ಉಪಚಾರಕ್ಕೆ ಸಾಯುತ್ತಿದೆ.

ಎರಡು ಗಂಟೆ ತೊಟ್ಟ ಅಂಗಿಯನ್ನೂ ಒಗೆಯಲು ಎಸೆಯುವುದನ್ನು ನಾನು ಒಪ್ಪುವುದಿಲ್ಲ. ಬೆವರಿಲ್ಲದಿದ್ದರೆ ಗಾಳಿಗೆ ಹಾಕಿ, ಇನ್ನೊಮ್ಮೆ ತೊಡಬಹುದು. ಜೀನ್ಸನ್ನು ಒಳಮಗ್ಗುಲು ಮಾಡಿ ಒಗೆಯಿರಿ, ಕಪ್ಪು, ನೀಲಿ ಬಟ್ಟೆಗಳನ್ನು ನೆರಳಿನಲ್ಲಿ ಒಣಗಿಸಿ. ಬಿಸಿಲು ಬೇಕಾದದ್ದು ಬಿಳಿಗೆ. ಸಾರು ಚೆಲ್ಲಿದ ಅಂಗಿಯ ಅರಿಸಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಅದು ಸೋಪಿನ ಕ್ಷಾರಕ್ಕೆ ಅರಿಸಿನ ತೋರುವ ಬಣ್ಣ. ತೊಳೆದು ನೇರ ಬಿಸಿಲಿಗೆ ಹಾಕಿದರೆ ಒಂದೆರಡು ದಿನದಲ್ಲಿ ಮಾಸುತ್ತದೆ. ಅರಿಸಿನ ಬೆಳಕಿಗೆ ತಡೆಯದ ಬಣ್ಣ. ರಕ್ತದ ಕಲೆಗೆ ಮಾತ್ರ ತಣ್ಣೀರೇ ಸರಿ, ಬಿಸಿನೀರು ಅದನ್ನು ಕಟ್ಟಿಹಾಕಿಬಿಡುತ್ತದೆ.

ರೇಷ್ಮೆಯ ಬಗ್ಗೆ ಅಮ್ಮನ ಕಾಲದವರ ತಿಳಿವಳಿಕೆ ಇಂದಿಗೂ ಸರಿ. ರೇಷ್ಮೆ ಪ್ರೋಟೀನಿನ ಎಳೆ. ಬಟ್ಟೆ ಪುಡಿಯಲ್ಲಿನ ಕ್ಷಾರ ಅದನ್ನು ಕೊರೆಯುತ್ತದೆ. ಕರೆ ತೆಗೆಯಲೆಂದು ಸೇರಿಸಿದ ಪ್ರೋಟಿಯೇಸ್ ಎಂಬ ಕಿಣ್ವಕ್ಕೆ ಪ್ರೋಟೀನನ್ನು ಒಡೆಯುವುದೇ ಕೆಲಸ, ರೇಷ್ಮೆ ಯಾವುದು ಕರೆ ಯಾವುದು ಎಂದು ಅದಕ್ಕೆ ತಿಳಿಯದು. ಅಂಟುವಾಳಕಾಯಿಯ ನೊರೆಗೆ ಆ ಬಿರುಸಿಲ್ಲ. ಬೀಜ ತೆಗೆದು, ಸಿಪ್ಪೆ ನೆನೆಸಿ ಕಿವುಚಿ ಸೋಸಿದ ನೀರಿನಲ್ಲಿ ಹಗುರ ರೇಷ್ಮೆಯನ್ನು ಅಲುಗಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಿಗೆ ಹಾಕುವುದು. ಜರಿ ಇರುವ ಮೈಸೂರು ರೇಷ್ಮೆಗೆ ನಾನು ಮನೆಯ ನೀರು ಮುಟ್ಟಿಸುವುದಿಲ್ಲ, ಡ್ರೈಕ್ಲೀನಿಗೇ ಕೊಡುತ್ತೇನೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಬೆಳ್ಳಿ ಎಂದಮೇಲೆ ಕಪ್ಪಾಗುವ ಗುಣ ಇದ್ದೇ ಇದೆ. ನುಸಿಗುಳಿಗೆ ತಾಗುವಂತಾಗಲಿ, ಸೆಂಟು ಹೊಡೆದಾಗಲಿ ಇಡಬಾರದು. ಹಳೇ ಹತ್ತಿಪಂಚೆಯಲ್ಲಿ ಸುತ್ತಿಟ್ಟು, ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಯನ್ನೂ ಹಾಗೇ ಪೆಟ್ಟಿಗೆಯಲ್ಲಿಡಬೇಡಿ, ಗಂಜಿಗೆ ಹುಳ ಬೀಳುತ್ತದೆ. ತೊಳೆದು ಇಟ್ಟು, ಉಡುವಾಗ ಗಂಜಿ ಹಾಕಿಕೊಳ್ಳಿ.

ನಮ್ಮ ರಸ್ತೆಯ ತಿರುವಿನಲ್ಲಿ ಇಸ್ತ್ರಿ ಗಾಡಿಯೊಂದಿದೆ. ಇದ್ದಿಲಿನ ಪೆಟ್ಟಿಗೆ ಹೋಗಿ ಗ್ಯಾಸಿನ ಪೆಟ್ಟಿಗೆ ಬಂದಿದೆ, ಬೂದಿ ಹಾರಿ ಬಿಳಿ ಅಂಗಿಗೆ ಬೀಳುವುದು ತಪ್ಪಿದೆ. ಗಂಡ ಹೆಂಡತಿ ಇಬ್ಬರೂ ನಿಂತೇ ದಿನ ಕಳೆಯುತ್ತಾರೆ. “ಅಮ್ಮಾ, ಕಾಟನ್ನು ಒಂಚೂರು ತೇವ ಇದ್ದಾಗ್ಲೇ ಕೊಡಿ, ಪೂರಾ ಒಣಗಿದ್ರೆ ಸುಕ್ಕು ಹೋಗಲ್ಲ” ಎಂದು ಆಕೆ ಹೇಳಿದ್ದು ಸರಿಯಾದ ಮಾತು. ಅಂಗಿಯೊಳಗಿನ ಪಟ್ಟಿ ಓದದೆಯೇ ಆಕೆ ಬಟ್ಟೆ ಮುಟ್ಟಿ ಪೆಟ್ಟಿಗೆಯ ಬಿಸಿ ಎಷ್ಟಿರಬೇಕೆಂದು ತಿಳಿಯುತ್ತಾಳೆ. ಸಾವಿರಾರು ರೂಪಾಯಿಯ ಸೀರೆಯನ್ನು ನಿಶ್ಚಿಂತೆಯಿಂದ ಆಕೆಯ ಕೈಗೆ ಕೊಡುವವರು ಅಂಗಿಗೆ ಎರಡು ರೂಪಾಯಿ ಏರಿಸಿದರೆ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ಇಸ್ತ್ರಿಯವರ ಹತ್ತಿರ ದಯವಿಟ್ಟು ಚೌಕಾಸಿ ಮಾಡಬೇಡಿ, ಕೇಳಿದಷ್ಟು ಕೊಡಿ.