ಕೆಳಮಹಡಿಗೂ ಮುಹೂರ್ತ

ನಮ್ಮ ಕಡೆಯ ಎಷ್ಟೋ ಛತ್ರಗಳಲ್ಲಿ ಮಂಟಪ ಮೇಲೆ, ಊಟದ ಹಾಲ್ ಕೆಳಗೆ. ಮಂಡಿನೋವಿನ ಅಜ್ಜಿಯರು, ಕೈಗೂಸಿನ ತಾಯಂದಿರು, ಮೊದಲ ಪಂಕ್ತಿಗೆ ಎಲೆ ಹಾಕುವ ಹುಡುಗರು ಕೆಳಗೇ ಉಳಿಯುತ್ತಾರೆ. ಅವರಿಗೆಂದೇ ಗೋಡೆಯ ಮೇಲೊಂದು ದೊಡ್ಡ ಟಿವಿ. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ಅತ್ತ ತಿರುಗುತ್ತಾರೆ. ನನ್ನ ಕಣ್ಣು ಮಾತ್ರ ಟಿವಿಯ ಹಿಂದೆ ಇಳಿಬಿದ್ದ ಲ್ಯಾನ್ ಕೇಬಲ್ಲನ್ನು ಹುಡುಕುತ್ತದೆ. ಕಂಪ್ಯೂಟರಿಗೆಂದು ಹುಟ್ಟಿದ ಆ ತೆಳುವಾದ ತಂತಿಯ ಮೇಲೆ ನನಗೆ ತುಂಬ ಗೌರವ.

ಟಿವಿಗೆ ಚುಚ್ಚುವ ಎಚ್‌ಡಿಎಂಐ ಕೇಬಲ್ ಇದೆಯಲ್ಲ, ಅದು ಹತ್ತಿರದ ನಂಟಿಗಷ್ಟೇ ಸರಿ. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 60 ಸಲ ಬದಲಿಸಬೇಕಾದರೆ ಬಣ್ಣದ ಚುಕ್ಕಿಗಳ ಲೆಕ್ಕವೇ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಆಗುತ್ತದೆ. ಇಷ್ಟು ವೇಗದ ಸಿಗ್ನಲ್ ಸಾದಾ ಎಚ್‌ಡಿಎಂಐ ತಾಮ್ರದಲ್ಲಿ ಹತ್ತು ಹದಿನೈದು ಮೀಟರ್ ದಾಟುವಷ್ಟರಲ್ಲಿ ಸೊರಗುತ್ತದೆ. ಮಂಟಪದಿಂದ ಗೋಡೆ ಬಳಸಿ, ಮೆಟ್ಟಿಲಿಳಿದು ಬರುವ ದಾರಿ ಅದಕ್ಕಿಂತ ಉದ್ದ. ಆಗ ಆ ಲ್ಯಾನ್ ಕೇಬಲ್ಲೂ ಅದರ ಎರಡೂ ತುದಿಗೆ ಅಂಗೈಯಗಲದ ಡಬ್ಬಿಗಳೂ ಬರುತ್ತವೆ. ಮೇಲಿನದು ಚಿತ್ರವನ್ನೂ ಧ್ವನಿಯನ್ನೂ ಕೇಬಲ್ಲಿಗೆ ಒಗ್ಗುವಂತೆ ಮಾರ್ಪಡಿಸಿ ಕಳಿಸುತ್ತದೆ, ಕೆಳಗಿನದು ಮತ್ತೆ ಎಚ್‌ಡಿಎಂಐ ಮಾಡಿ ಟಿವಿಗೆ ಕೊಡುತ್ತದೆ.

ಆ ಕೇಬಲ್ಲಿನೊಳಗೆ ಎಂಟು ಎಳೆಗಳು, ಜಡೆ ಹೆಣೆದಂತೆ ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿ. ಈ ಹುರಿಯ ಉಪಾಯ 1881ರಷ್ಟು ಹಳೆಯದು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದಕ್ಕೆ ಪೇಟೆಂಟ್ ಪಡೆದದ್ದು ಆಗ. ಒಂದೇ ಸಂದೇಶವನ್ನು ಜೋಡಿಯ ಒಂದು ಎಳೆಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಿರುವುಮುರುವಾಗಿ ಕಳಿಸುತ್ತಾರೆ. ಪಕ್ಕದ ಮೋಟಾರೋ ದೀಪದ ತಂತಿಯೋ ಎಬ್ಬಿಸುವ ಗದ್ದಲ ಹುರಿಯ ದೆಸೆಯಿಂದ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಹೋಗಿ ಸಂದೇಶ ಉಳಿಯುತ್ತದೆ. ನಾಲ್ಕು ಜೋಡಿಗಳ ಹುರಿಯೂ ಬೇರೆಬೇರೆ ಬಿಗಿಯದು, ಒಂದರ ಮಾತು ಇನ್ನೊಂದಕ್ಕೆ ಸೋಂಕಬಾರದೆಂದು. ಎಷ್ಟು ಸಲ ನೆನೆದರೂ ಈ ಅಚ್ಚುಕಟ್ಟು ನನಗೆ ಹಳತಾಗುವುದಿಲ್ಲ. ಜಾಕ್ ಹಾಕುವಾಗ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದ ಕೆಲಸಗಾರನನ್ನು ಕಂಡರೆ ನಿಂತು ನೋಡುತ್ತೇನೆ.

ಎಲ್ಲ ಡಬ್ಬಿಗಳೂ ಒಂದೇ ಅಲ್ಲ. 2010ರಲ್ಲಿ ವ್ಯಾಲೆನ್ಸ್, ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್ ಸೇರಿ ಎಚ್‌ಡಿಬೇಸ್‌ಟಿ ಎಂಬ ಮಾನದಂಡಕ್ಕೆ ಕೂಟ ಕಟ್ಟಿದವು. ಅದರಲ್ಲಿ ಚಿತ್ರ, ಧ್ವನಿ, ರಿಮೋಟಿನ ಆಜ್ಞೆ, ಇಂಟರ್‌ನೆಟ್ಟು, ಕೊನೆಗೆ ವಿದ್ಯುತ್ತು ಕೂಡ ಒಂದೇ ಕೇಬಲ್ಲಿನಲ್ಲಿ 100 ಮೀಟರ್ ಹೋಗಬಲ್ಲವು. ಫುಲ್ ಎಚ್‌ಡಿ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಗೊಡವೆಯಿಲ್ಲದ ಕಾರಣ ತಡವೂ ಕಾಣದು. ಇನ್ನೊಂದು ಜಾತಿ ಚಿತ್ರವನ್ನು ಹಿಂಡಿ, ಸಾಧಾರಣ ನೆಟ್‌ವರ್ಕ್ ಸ್ವಿಚ್ಚುಗಳ ಮೂಲಕ ಹತ್ತಾರು ಟಿವಿಗಳಿಗೆ ಹಂಚುತ್ತದೆ. ಅಗ್ಗವೂ ಹೌದು, ಆದರೆ ಹಿಂಡಿ ಬಿಡಿಸುವಷ್ಟರಲ್ಲಿ ಕ್ಷಣವೊಂದು ಜಾರಬಹುದು. ಆಸ್ಪತ್ರೆಯ ಕಾಯುವ ಕೋಣೆಗೆ ಅದರಿಂದ ನಷ್ಟವಿಲ್ಲ. ಯಕ್ಷಗಾನದ ಸಭಾಂಗಣಕ್ಕೆ ಮಾತ್ರ ಬೇಡವೇ ಬೇಡ. ಹಿಂದಿನ ಸಾಲಿನವರಿಗೆ ಚೆಂಡೆಯ ಪೆಟ್ಟು ನೇರ ಗಾಳಿಯಲ್ಲೇ ಬರುತ್ತದೆ, 30 ಮೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯುವುದಿಲ್ಲ. ಪಕ್ಕದ ಪರದೆಯಲ್ಲಿ ವೇಷದ ಹೆಜ್ಜೆ ಅದಕ್ಕಿಂತ ತಡವಾಗಿ ಬಿದ್ದರೆ ಕುಣಿತವೇ ಕೆಟ್ಟಂತೆ. ದೂರ ಕೂತವರಿಗೂ ತಾಳ ತಪ್ಪದ ಚಿತ್ರ ಸಿಗಬೇಕು. ಇದರಲ್ಲಿ ನಾನು ರಾಜಿಯಾಗಲಾರೆ.

ಛತ್ರ ಕಟ್ಟಿಸುವ ಯಾರೇ ಕೇಳಲಿ, ನಾನು ಹೇಳುವುದು ಇಷ್ಟು: ಮೋಲ್ಡ್ ಹಾಕುವ ಮುಂಚೆಯೇ ಮಂಟಪದಿಂದ ಊಟದ ಹಾಲಿಗೆ, ಕರೆಂಟಿನ ಪೈಪಿನಿಂದ ದೂರವಾಗಿ, ಬೇರೆ ಪೈಪ್ ಬಿಡಿಸಿ. ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ, ಅಪ್ಪಟ ತಾಮ್ರದ ಕ್ಯಾಟ್ ಸಿಕ್ಸ್ ದರ್ಜೆಯ ಲ್ಯಾನ್ ಕೇಬಲ್ ಎಳೆಸಿ. ಎಳೆಸುವಾಗ ಒಂದಲ್ಲ, ಎರಡು.