ನ್ಯೂಬರಿಯ ಕಾಲುದಾರಿಗಳೂ ನಮ್ಮ ತೋಟದ ತಡಬೆಯೂ

ಇಲ್ಲಿ ಏನೂ ಬರೆಯದೆ ನಾಲ್ಕು ತಿಂಗಳಾಯಿತು. ಕೆಲಸ ಜಾಸ್ತಿ ಅನ್ನುವುದು ಹಳೇ ನೆಪ. ನಿಜ ಹೇಳಬೇಕೆಂದರೆ ಬರೆಯುತ್ತಿದ್ದ ಹೊತ್ತಿನಲ್ಲಿ ಈಗ ಓಡುತ್ತಿದ್ದೇನೆ. ನಗಬೇಡಿ :-) ಇಂಜಿನಿಯರಿಂಗ್‌ನ ನಾಲ್ಕು ವರ್ಷ ಹಾಸ್ಟೆಲಿನಿಂದ ಕ್ಯಾಂಟೀನಿಗೆ ನಡೆದದ್ದೇ ನನ್ನ ವ್ಯಾಯಾಮ. ಆಮೇಲೆ ಕೆಲಸಕ್ಕೆ ಸೇರಿ ಕುರ್ಚಿಗೆ ಅಂಟಿಕೊಂಡೆ. ಇಲ್ಲಿಗೆ ಬಂದ ಮೇಲೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯ ಮೇಲೆ ಬಂದು ನಿಂತಿತ್ತು. ಅಪ್ಪಯ್ಯನಿಗೆ ಐವತ್ತಕ್ಕೆ ಬಂದದ್ದು ನನಗೆ ಇಪ್ಪತ್ತೆಂಟಕ್ಕೇ ಬರುತ್ತಿದೆಯಲ್ಲ ಅಂತ ಹೆದರಿ ಶೂ ಕೊಂಡೆ.

ನಾನಿರುವುದು ನ್ಯೂಬರಿಯಲ್ಲಿ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ಗಂಟೆ. ಬರ್ಕ್‌ಷೈರಿನ ಹಳೆಯ ಸಂತೆಯೂರು. ಈಗಲೂ ಗುರುವಾರ, ಶನಿವಾರ ಊರ ನಡುವಿನ ಚೌಕದಲ್ಲಿ ಸಂತೆ ಸೇರುತ್ತದೆ. ಯಾವ ದಿಕ್ಕಿಗೆ ಅರ್ಧ ಗಂಟೆ ಓಡಿದರೂ ಊರು ಮುಗಿದು ಹೊಲ ಸಿಗುತ್ತದೆ.

ಮೊದಲು ಹಿಡಿದದ್ದು ಕಾಲುವೆ ದಾರಿ. ರೆಡಿಂಗಿನಿಂದ ಬ್ರಿಸ್ಟಲ್ಲಿಗೆ ಹೋಗುವ ಕೆನೆಟ್ ಮತ್ತು ಏವನ್ ಕಾಲುವೆ ಈ ಊರಿನ ನಡುವೆಯೇ ಹಾಯುತ್ತದೆ. ಒಟ್ಟು 140 ಕಿ.ಮೀ. ಉದ್ದ, 1810ರಲ್ಲಿ ಪೂರ್ತಿಯಾದದ್ದು. ಹಿಂದೆ ದೋಣಿಗಳನ್ನು ದಂಡೆಯ ಮೇಲಿಂದ ಕುದುರೆಗಳು ಎಳೆಯುತ್ತಿದ್ದವಂತೆ. ಆ ಕುದುರೆ ದಾರಿಯಲ್ಲೇ ಈಗ ನಾವು ಓಡುವುದು. ರೈಲು ಬಂದ ಮೇಲೆ ಕಾಲುವೆ ಸೊರಗಿ, ಹೂಳು ತುಂಬಿ, ಕೊನೆಗೆ ಊರೂರಿನ ಜನ ಕೈಹಾಕಿ ದಶಕಗಟ್ಟಲೆ ದುಡಿದದ್ದರಿಂದ 1990ರಲ್ಲಿ ಮತ್ತೆ ತೆರೆಯಿತು. ಪೂರ್ವಕ್ಕೆ ಥ್ಯಾಚಮ್‌ವರೆಗೆ ಸುಮಾರು ಐದು ಕಿ.ಮೀ. ಏರಿಲ್ಲ, ಇಳಿವಿಲ್ಲ, ಸುಸ್ತಾದರೆ ರೈಲು ಹತ್ತಿ ವಾಪಸು ಬರಬಹುದು. ಮೊದಲ ತಿಂಗಳು ಎಷ್ಟು ಸಲ ರೈಲು ಹತ್ತಿದೆ ಅಂತ ಕೇಳಬೇಡಿ.

ಸ್ವಲ್ಪ ದಮ್ಮು ಬಂದ ಮೇಲೆ ಉತ್ತರಕ್ಕೆ ಡಾನಿಂಗ್ಟನ್ ಕೋಟೆಯ ಗುಡ್ಡ. 1386ರಲ್ಲಿ ಕಟ್ಟಲು ಅಪ್ಪಣೆಯಾದ ಕೋಟೆಯಲ್ಲಿ ಈಗ ಉಳಿದಿರುವುದು ಬಾಗಿಲ ಗೋಪುರ ಮಾತ್ರ. ರಾಜನ ಕಡೆಯವರಿಗೂ ಪಾರ್ಲಿಮೆಂಟಿನವರಿಗೂ ನಡೆದ ಅಂತರ್ಯುದ್ಧದಲ್ಲಿ ಉಳಿದದ್ದೆಲ್ಲ ಹೋಯಿತು. ಗುಡ್ಡ ಚಿಕ್ಕದೇ, ಆದರೆ ಮೇಲೆ ಹತ್ತಿ ನಿಂತು ಏದುಸಿರು ಬಿಡುವಾಗ ಕುಂದಾದ್ರಿ ಹತ್ತಿದಷ್ಟೇ ಖುಷಿ.

ಈಗ ಮೂರನೇ ದಾರಿ. ಹೇಳಬೇಕಾದ ವಿಷಯ ಇರುವುದು ಇಲ್ಲೇ.

ಊರಿನ ನೈಋತ್ಯಕ್ಕೆ ವಾಶ್ ಕಾಮನ್ ಅಂತ ಒಂದು ದಿಬ್ಬ. 1643ರಲ್ಲಿ ಅದೇ ಅಂತರ್ಯುದ್ಧದ ಒಂದು ದೊಡ್ಡ ಕಾಳಗ ನಡೆದ ಜಾಗ. ಅಲ್ಲಿಂದ ಎನ್‌ಬೋರ್ನ್ ಕಡೆಗೆ ಇಳಿದರೆ ಹೊಲಗಳು. ಆರ್ಡ್‌ನೆನ್ಸ್ ಸರ್ವೆಯವರ 1:25,000 ನಕ್ಷೆ ನೋಡಿದರೆ ಆ ಹೊಲಗಳ ನಡುವೆ ಹಸಿರು ಚುಕ್ಕಿ ಗೆರೆಗಳು ಕಾಣುತ್ತವೆ. ಅವು ಕಾಲುದಾರಿಗಳು. ಬೇಲಿ ಬಂದಲ್ಲಿ ದಾಟಲು ಒಂದು ಕಟ್ಟಿಗೆಯ ಮೆಟ್ಟಿಲು, ಕಂಬಕ್ಕೆ ಹಳದಿ ಬಾಣದ ಗುರುತು. ಆ ಮೆಟ್ಟಿಲಿಗೆ ಇಂಗ್ಲಿಷಿನಲ್ಲಿ ಸ್ಟೈಲ್ ಅನ್ನುತ್ತಾರೆ. ಮೊದಲ ಸಲ ಕಂಡಾಗ ನನ್ನ ಬಾಯಲ್ಲಿ ತಾನಾಗಿ ಬಂದದ್ದು "ಅರೆ, ತಡಬೆ!" ಅಂತ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ದನ ದಾಟಬಾರದು, ಮನುಷ್ಯರು ದಾಟಬೇಕು, ಅದಕ್ಕೆ ಬೇಲಿಯಲ್ಲಿ ಮಾಡಿಡುವ ಮೆಟ್ಟಿಲೇ ತಡಬೆ.

ಕಳೆದ ಜೂನಿನ ಒಂದು ಸಂಜೆ. ಇಲ್ಲಿ ಆಗ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ಮೊಳಕಾಲು ಮೀರಿದ ಗೋಧಿಯ ನಡುವೆ ಓಡುತ್ತಾ ದಾರಿ ತಪ್ಪಿ ಟ್ರ್ಯಾಕ್ಟರಿನ ಗಾಲಿ ಗುರುತು ಹಿಡಿದುಬಿಟ್ಟೆ. ಹೊಲದ ನಡುಮಧ್ಯೆ ಇದ್ದೇನೆ, ಹಿಂದಿನಿಂದ ನಾಲ್ಕು ಗಾಲಿಯ ಬೈಕಿನ ಸದ್ದು. ಅರವತ್ತರ ಆಸುಪಾಸಿನ ಹೊಲದ ಯಜಮಾನ. ಎದೆ ಡವಡವ ಅಂದಿತು. ಬೇರೆ ದೇಶ, ಬೇರೆ ಬಣ್ಣ, ಇನ್ನೊಬ್ಬರ ಬೆಳೆ ತುಳಿದುಕೊಂಡು ನಿಂತಿದ್ದೇನೆ.... ಏನು ಹೇಳಲಿ ಅಂತ ವಾಕ್ಯ ಜೋಡಿಸುತ್ತಿದ್ದೆ. ಅವರು ಬೈಕು ನಿಲ್ಲಿಸಿ, ದಾರಿ ತಪ್ಪಿತಾ ಅಂತ ಕೇಳಿದರು. ಅಗೋ ಆ ಓಕ್ ಮರದ ಪಕ್ಕ ಹೋಗಬೇಕು ಅಂತ ಕೈ ತೋರಿಸಿದರು. ಹೊರಟವನನ್ನು ಮತ್ತೆ ಕರೆದು, ಮುಂದಿನ ತಡಬೆಯ ಒಂದು ಹಲಗೆ ಮುರಿದಿದೆ, ಕಾಲಿಡುವಾಗ ಜೋಪಾನ, ನಾನೇ ಸರಿ ಮಾಡಬೇಕಿತ್ತು, ತಡವಾಯಿತು ಅಂದರು.

ಮುಂದಿನ ವಾರ ಹೋದಾಗ ಅಲ್ಲಿ ಹೊಸ ಹಲಗೆ ಇತ್ತು.

ಅವತ್ತು ರಾತ್ರಿ ಕೂತು ಓದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿ.ಮೀ. ಇವೆ. ನೆಲ ಖಾಸಗಿಯದೇ, ನಡೆಯುವ ಹಕ್ಕು ಮಾತ್ರ ಎಲ್ಲರದು. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ಬಿತ್ತನೆಗೆ ಉತ್ತರೆ 14 ದಿನದೊಳಗೆ ಮತ್ತೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಬಿಡಿಸಿಕೊಡಬೇಕು. ತಡಬೆಯ ರಿಪೇರಿ ನೆಲದ ಒಡೆಯನ ಜವಾಬ್ದಾರಿ. ಜನ 20 ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ ನಡೆದ ದಾರಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟ ದಾರಿ ಅಂತಲೇ 1980ರ ಹೆದ್ದಾರಿ ಕಾಯ್ದೆ ಪರಿಗಣಿಸುತ್ತದೆ. ಬಿಟ್ಟುಕೊಡುವ ಇಚ್ಛೆ ಇರಲಿಲ್ಲ ಅಂತ ಒಡೆಯ ತೋರಿಸಿಕೊಡಬೇಕು. ಇದೆಲ್ಲ ಸುಮ್ಮನೆ ಬಂದದ್ದಲ್ಲ ಬಿಡಿ. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಬೇಕೆಂದೇ ನುಗ್ಗಿ, ಅವರಲ್ಲಿ ಐವರು ಜೈಲಿಗೂ ಹೋದರು.

ಓದುತ್ತಾ ಓದುತ್ತಾ ನಮ್ಮ ತೋಟ ನೆನಪಾಯಿತು.

ತೀರ್ಥಹಳ್ಳಿ ಕಡೆ ನಮ್ಮದೊಂದು ಅಡಿಕೆ ತೋಟ. ಅಜ್ಜನ ಕಾಲದಿಂದ ಮೇಲಿನ ಕೇರಿಯವರು ಬಸ್ಸಿಗೆ, ಶಾಲೆಗೆ, ಸೊಸೈಟಿಗೆ ಹೋಗುತ್ತಿದ್ದದ್ದು ಅದರೊಳಗಿನಿಂದಲೇ. ಮೇಲೊಂದು ತಡಬೆ, ಕೆಳಗೆ ಉಣುಗೋಲು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವರನ್ನು ಅಜ್ಜ ಜಗಲಿಯಿಂದಲೇ ಮಾತಾಡಿಸುತ್ತಿದ್ದರು. ನಾನು ಶಾಲೆಗೆ ಹೋದದ್ದೂ ಆ ಮಕ್ಕಳ ಜೊತೆಗೇ.

ಅಜ್ಜ ಹೋದರು. ಅಡಿಕೆಗೆ ರೇಟು ಬಂತು, ಎರಡು ಸಲ ಕೊನೆ ಕಳವಾಯಿತು. ಯಾರು ಅಂತ ಗೊತ್ತಾಗಲಿಲ್ಲ. ಮೂರು ವರ್ಷದ ಹಿಂದೆ ಅಪ್ಪಯ್ಯ ತೋಟದ ಸುತ್ತ ಮುಳ್ಳುತಂತಿ ಬಿಗಿಸಿದರು. ತಡಬೆ ಹೋಯಿತು, ಉಣುಗೋಲಿದ್ದಲ್ಲಿ ಕಬ್ಬಿಣದ ಗೇಟು, ಬೀಗ. ಕೇರಿಯವರಿಗೆ ಈಗ ರಸ್ತೆ ಸುತ್ತಿ ಎರಡು ಕಿ.ಮೀ. ಹೆಚ್ಚು. ಇದರಲ್ಲಿ ನಾನು ಹೇಳದೆ ಬಿಡಬಹುದಾದ ಒಂದು ಸಂಗತಿ ಇದೆ. ಆ ಬೇಲಿಯ ದುಡ್ಡು ನನ್ನದು. ಬೆಂಗಳೂರಿನಿಂದ ರಜೆಗೆ ಹೋದವನು ತಂತಿಯ ಒಂದು ತುದಿ ಹಿಡಿದು ಎಳೆದು ನಿಂತದ್ದೂ ನಾನೇ. ಮೇಲಿನ ಕೇರಿಯ ಅಜ್ಜಿಯೊಬ್ಬರು ಆಚೆ ನಿಂತು "ಇನ್ನು ಎಲ್ಲಿ ದಾಟೋದು ಮಗಾ?" ಅಂತ ಕೇಳಿದ್ದರು. ನಾನು ಸ್ಕ್ರೂಡ್ರೈವರ್ ಹುಡುಕುವ ನೆವದಲ್ಲಿ ತಿರುಗಿಕೊಂಡೆ.

ನಾನು ಈಗ ವಾರಕ್ಕೆ ನಾಲ್ಕು ದಿನ, ಹೆಸರೂ ಗೊತ್ತಿಲ್ಲದ ಯಾರದೋ ಹೊಲದಲ್ಲಿ ಹಕ್ಕಿನಿಂದ ಓಡುತ್ತೇನೆ, ಅದೂ ಸಕ್ಕರೆ ಇಳಿಸಲು! ಆ ಅಜ್ಜಿಗೆ ಬೇಕಿದ್ದದ್ದು ಬಸ್ಸು.

ಭಾನುವಾರಗಳಂದು ಗ್ರೀನಮ್ ಕಾಮನ್‌ಗೆ ಹೋಗುತ್ತೇನೆ. ನ್ಯೂಬರಿಯ ಆಗ್ನೇಯಕ್ಕಿರುವ ಬಯಲು. ಜನರ ಗೋಮಾಳದಂಥ ಜಾಗಕ್ಕೆ ಬೇಲಿ ಹಾಕಿ ವಾಯುನೆಲೆ ಮಾಡಿದ್ದರು. 1983ರಿಂದ ಅಮೆರಿಕದ ಅಣು ಕ್ಷಿಪಣಿಗಳು ಅಲ್ಲಿಗೆ ಬಂದವು. ಅವನ್ನು ವಿರೋಧಿಸಿ 1981ರಲ್ಲೇ ಹೆಂಗಸರು ಬೇಲಿಯ ಹೊರಗೆ ಬಿಡಾರ ಹೂಡಿದ್ದರು; 1982ರ ಡಿಸೆಂಬರಿನಲ್ಲಿ ಸುಮಾರು 30,000 ಹೆಂಗಸರು ಕೈಕೈ ಹಿಡಿದು ಆ ಬೇಲಿಯನ್ನೇ ಸುತ್ತುವರಿದರು. 1991ರಲ್ಲಿ ಕೊನೆಯ ಕ್ಷಿಪಣಿಗಳು ಹೋದವು, 2000ದಲ್ಲಿ ಬಯಲು ಮತ್ತೆ ಜನರಿಗೆ ತೆರೆಯಿತು. ವಿಮಾನ ಇಳಿಯುತ್ತಿದ್ದ ಜಾಗದಲ್ಲಿ ಈಗ ಹಳದಿ ಹೂವಿನ ಮುಳ್ಳುಪೊದೆ, ಮೇಯುವ ದನ. ಅಲ್ಲಿ ಓಡುವಾಗೆಲ್ಲ ಬೇಲಿ ಅಂದರೆ ಶಾಶ್ವತವೇನಲ್ಲ ಅನ್ನಿಸುತ್ತದೆ.

ಕೊನೆಗೆ ಧೈರ್ಯ ಮಾಡಿ ಅಪ್ಪಯ್ಯನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಓಕ್ ಮರ, ಹಲಗೆ, 20 ವರ್ಷದ ಲೆಕ್ಕ. ಪೂರ್ತಿ ಕೇಳಿದರು.

"ಅಲ್ಲ ಮಾರಾಯ, ಅವರು ಬೆಳೆಯೋದು ಗೋಧಿ. ಓಡೋರು ಒಂದು ಮುಷ್ಟಿ ಕಿತ್ತುಕೊಂಡು ಹೋದ್ರೂ ಏನಾಗತ್ತೆ? ಇಲ್ಲಿ ಒಂದು ಕೊನೆ ಅಡಿಕೆ ಹೋದ್ರೆ ಎಷ್ಟು ಅಂತ ನಿಂಗೆ ಗೊತ್ತುಂಟಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತು ಸುಳ್ಳೂ ಅಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹಗಲು ಹೊತ್ತು ಗೇಟಿನ ಬೀಗ ತೆಗೆದಿಟ್ಟರೆ? ಮೇಲ್ಗಡೆ ತಡಬೆ ನಾನೇ ಬಂದು ಕಟ್ಟುತ್ತೇನೆ, ಅಂದೆ.

"ತಡಬೆ ಕಟ್ಟೋಕೆ ಬರತ್ತಾ ನಿಂಗೆ?"

ಬರುವುದಿಲ್ಲ ಅಂದೆ. ಫೋನಿನಲ್ಲೇ ನಕ್ಕರು. "ಬಾ, ನೋಡೋಣ" ಅಂದರು. ಹೂಂ ಅಂದ ಹಾಗೂ ಅಲ್ಲ, ಉಹೂಂ ಅಂದ ಹಾಗೂ ಅಲ್ಲ. ಏಪ್ರಿಲಿನಲ್ಲಿ ರಜೆಗೆ ಹೋಗುತ್ತೇನೆ. ಮೊನ್ನೆ ಎನ್‌ಬೋರ್ನ್ ಕಡೆ ಓಡುವಾಗ ಆ ಹೊಸ ಹಲಗೆಯ ತಡಬೆಯ ಹತ್ತಿರ ನಿಂತು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡೆ, ಮೊಳ ಹಾಕಿ ಅಳತೆಯನ್ನೂ ಬರೆದುಕೊಂಡೆ.

ನಿಮ್ಮೂರಲ್ಲೂ ಇಂಥ ಕಾಲುದಾರಿ ಇತ್ತಾ? ಈಗಲೂ ಇದೆಯಾ? ತಡಬೆ ಕಟ್ಟಿ ಗೊತ್ತಿರುವವರು ಯಾರಾದರೂ ಇದ್ದರೆ, ಯಾವ ಮರ ಬಾಳಿಕೆ ಬರುತ್ತದೆ ಅಂತ ಹೇಳಿ ಪುಣ್ಯ ಕಟ್ಟಿಕೊಳ್ಳಿ.