ಜರ್ಮನಿಗೆ ಮುಂಚಿನ ತಾಲೀಮು

ಜರ್ಮನಿಗೆ ಹೋಗಿಬರಬೇಕೆಂದು ನಾವು ನಾಲ್ವರು ಗೆಳೆಯರು ತೀರ್ಮಾನಿಸಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ನಮ್ಮಲ್ಲಿ ಇಬ್ಬರು ತುಮಕೂರಿನವರು, ಒಬ್ಬರು ಗುಬ್ಬಿಯವರು, ಒಬ್ಬರು ಕುಣಿಗಲ್ಲಿನವರು. ಮೂವರು ಮೇಷ್ಟರ ಕೆಲಸದಿಂದ ನಿವೃತ್ತರು. ಗುಬ್ಬಿಯವರದು ಅಡಿಕೆ ವ್ಯಾಪಾರ. ಮನೆಮಾತು ದಖನಿ, ಓದುಬರಹ ಕನ್ನಡ. ದುಬೈ, ಸೌದಿಗೆ ಹೋಗಿಬಂದವರು ನಮ್ಮ ಓಣಿಗಳಲ್ಲಿ ಬೇಕಾದಷ್ಟಿದ್ದಾರೆ. ಯುರೋಪು ನೋಡಿದ ಒಬ್ಬಿಬ್ಬರು ಹಿಮದ ಬೆಟ್ಟದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ಕವಿಗಳು ಬಾಳಿದ ಮನೆ, ಹಳೆಯ ಹಸ್ತಪ್ರತಿ ನೋಡಲು ಲಕ್ಷಗಟ್ಟಲೆ ಸುರಿದು ಹೋಗುತ್ತೇವೆಂದರೆ ನಗದವರು ಯಾರು?

ಆದರೂ ಪಟ್ಟಿ ಬೆಳೆಯಿತು. ಮೊದಲ ಹೆಸರು ಟ್ಯೂಬಿಂಗೆನ್. ಮೇಷ್ಟರುಗಳಾದ ನಮಗೆ ಜೀವಮಾನವಿಡೀ ಅನ್ನ ಕೊಟ್ಟ ಭಾಷೆಗೆ 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟು ಗೌರವಿಸಿದ್ದು ಅಲ್ಲಿಯ ವಿಶ್ವವಿದ್ಯಾಲಯವೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅಲ್ಲೇ. ಮೋಗ್ಲಿಂಗರ ಗೆಳೆಯ, ಮಲಯಾಳಂ ನಿಘಂಟು ಬರೆದ ಗುಂಡರ್ಟ್ ಬಿಟ್ಟುಹೋದ ಕಾಗದಪತ್ರಗಳನ್ನು ಆ ವಿಶ್ವವಿದ್ಯಾಲಯದ ಗ್ರಂಥಾಲಯ ಜೋಪಾನವಾಗಿಟ್ಟು, ಈಗ ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ಕನ್ನಡದವೂ ಇವೆ. ಗುಂಡರ್ಟ್‌ರ ಮಗಳು ಮೇರಿ ಹುಟ್ಟಿದ್ದು ನಮ್ಮ ನೆರೆಯ ತಲಶ್ಶೇರಿಯಲ್ಲಿ. ಆಕೆಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಹೆಸ್ಸೆ ಹುಟ್ಟಿದ ಕಾಲ್ವ್ ಊರು ಟ್ಯೂಬಿಂಗೆನ್‌ಗೆ ದೂರವಲ್ಲ. ಹಾಗೆ ಎರಡನೆಯ ಹೆಸರು ಬಂತು.

ಮೂರನೆಯದು ಹೈಡೆಲ್‌ಬರ್ಗ್. ಇದು ಕುಣಿಗಲ್ ಮೇಷ್ಟರ ಹಟ. 1907ರಲ್ಲಿ ಇಕ್ಬಾಲ್ ಜರ್ಮನ್ ಕಲಿಯಲು ಅಲ್ಲಿದ್ದರು. ನೆಕ್ಕರ್ ನದಿಯ ದಂಡೆಯ ಒಂದು ಬೀದಿಗೆ ಅವರ ಹೆಸರಿದೆ. ಇಕ್ಬಾಲ್ ಬಂದ ಮೇಲೆ ವೈಮರ್ ಬಿಡಲಾಗುವುದಿಲ್ಲ. ಹಾಫಿಜನ ಕವಿತೆಗಳನ್ನು ಅನುವಾದದಲ್ಲಿ ಓದಿ ಮರುಳಾದ ಗಯಟೆ 1819ರಲ್ಲಿ ತನ್ನ ‘ದಿವಾನ್’ ಪ್ರಕಟಿಸಿದ. ಇಕ್ಬಾಲ್ 1923ರಲ್ಲಿ ‘ಪಯಾಮೆ ಮಶ್ರಿಕ್’ ಬರೆದು ಅದಕ್ಕೆ ಉತ್ತರ ಕೊಟ್ಟರು. ವೈಮರ್‌ನಲ್ಲಿ ಗಯಟೆ ಮತ್ತು ಹಾಫಿಜರ ನೆನಪಿಗೆ ಎದುರುಬದುರಾಗಿ ಇಟ್ಟ ಎರಡು ಕಲ್ಲಿನ ಕುರ್ಚಿಗಳಿವೆ, 2000ದಲ್ಲಿ ಇಟ್ಟದ್ದು. ಅದೇ ಊರಿನ ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ 2004ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು ಸುಮಾರು 50,000 ಪುಸ್ತಕ ಸುಟ್ಟುಹೋದವು. 2007ರಲ್ಲಿ ಅದನ್ನು ಮತ್ತೆ ತೆರೆದರು.

ಕೊನೆಗೆ ಬರ್ಲಿನ್. ಜೋರ್ಡಾನ್ ಮರುಭೂಮಿಯಲ್ಲಿದ್ದ ಉಮಯ್ಯಾ ಕಾಲದ ಮುಶತ್ತಾ ಅರಮನೆಯ ಕೆತ್ತನೆಯ ಮುಂಗೋಡೆ ಅಲ್ಲಿಯ ಪೆರ್ಗಮಾನ್ ಮ್ಯೂಸಿಯಮ್ಮಿನ ಇಸ್ಲಾಮೀ ಕಲಾ ವಿಭಾಗದಲ್ಲಿದೆ. ತುರ್ಕಿಯ ಸುಲ್ತಾನ ಅಬ್ದುಲ್ ಹಮೀದ್ ಕೈಸರನಿಗೆ ಕೊಟ್ಟ ಕಾಣಿಕೆ. 1903ರಲ್ಲಿ ಬರ್ಲಿನ್ ಸೇರಿತು. ಮರುಭೂಮಿಯವರನ್ನು ಯಾರೂ ಕೇಳಿರಲಾರರು. ಸುಲ್ತಾನರ ಔದಾರ್ಯ ಯಾವಾಗಲೂ ಹೀಗೆಯೇ, ಪರರ ಗೋಡೆಯ ಮೇಲೆ.

ಜಾಗಗಳನ್ನು ಆರಿಸಿದ್ದು ಸುಲಭ, ದಿನಗಳನ್ನು ಹೊಂದಿಸಿದ್ದು ಕಷ್ಟ. ಅಲ್ಲಿ ಬಹುಪಾಲು ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ. ಆದ್ದರಿಂದ ಸೋಮವಾರಗಳನ್ನೆಲ್ಲ ರೈಲಿಗೆ ಬಿಟ್ಟೆವು. 2023ರಲ್ಲಿ ಶುರುವಾದ ತಿಂಗಳ ರೈಲು ಪಾಸು ಪ್ಯಾಸೆಂಜರ್ ರೈಲುಗಳಲ್ಲಿ ನಡೆಯುತ್ತದೆ, ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ನಮ್ಮ ವಯಸ್ಸಿಗೆ ನಿಧಾನದ ರೈಲೇ ಸರಿ. ವೀಸಾಕ್ಕೆ 30,000 ಯೂರೋ ವಿಮೆ ತೋರಿಸಬೇಕು. ಅದು ಅಂದುಕೊಂಡಷ್ಟು ದುಬಾರಿಯಲ್ಲ.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ಒಂದೇ ದಿನ ಮೂರು ಕಡೆ ಸುತ್ತುವ ಕಸುವು ನಮ್ಮ ಮಂಡಿಗಳಲ್ಲಿದೆಯೇ ಎಂದು ಗುಬ್ಬಿಯವರು ಕೇಳಿದರು. ‘ಮೊದಲು ನಮ್ಮ ಊರುಗಳಲ್ಲೇ ಒಂದು ತಾಲೀಮು ಮಾಡೋಣ’ ಎಂದರು. ಕಂಪನಿ ನಾಟಕದವರ ಮಾತಿದು. ಅವರ ಬಾಯಲ್ಲಿ ತಾಲೀಮು ಎಂದರೆ ರಿಹರ್ಸಲ್ಲು, ನಮ್ಮ ಮನೆಗಳಲ್ಲಿ ತಾಲೀಮ್ ಎಂದರೆ ವಿದ್ಯೆ. ಒಂದು ಭಾನುವಾರ ಹೊರಟೆವು.

ಗುಬ್ಬಿಯಲ್ಲಿ 1837ರಲ್ಲೇ ವೆಸ್ಲಿಯನ್ ಮಿಷನ್ನಿನವರು ನೆಲೆ ಹೂಡಿದ್ದರು. ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿ ಎರಡು ವರ್ಷ ಇದ್ದು, ಕಣ್ಣು ಕೆಟ್ಟು ಊರಿಗೆ ಮರಳಿ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕ ಬರೆದ. ಆ ಕಾಲದ ಗುಬ್ಬಿಯ ವಿಚಾರ ತಿಳಿಯಬೇಕೆಂದರೆ ಇವತ್ತಿಗೂ ಅಂಥ ಇಂಗ್ಲಿಷ್ ಪುಸ್ತಕಗಳನ್ನೇ ಹುಡುಕಬೇಕು. ಆದರೆ ಗುಬ್ಬಿಯ ಹೆಸರನ್ನು ಕರ್ನಾಟಕದ ಮೂಲೆಮೂಲೆಗೆ ಒಯ್ದದ್ದು 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ರಾಜಕುಮಾರ್, ಬಿ.ವಿ. ಕಾರಂತ ಮೊದಲಾದವರು ಅಲ್ಲಿ ಪಳಗಿದರು. ತುಮಕೂರಿನ ಪಕ್ಕದ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದರು. ನಮ್ಮವರೇ ಆದ ಮಹಮದ್ ಪೀರ್ ಚಂದ್ರಕಲಾ ನಾಟಕ ಮಂಡಳಿ ಕಟ್ಟಿದರು, ಎಚ್.ಎಲ್.ಎನ್. ಸಿಂಹರ ‘ಸಂಸಾರ ನೌಕೆ’ ಅಲ್ಲಿ ಆಡಿ, 1936ರಲ್ಲಿ ಸಿನಿಮಾ ಆಯಿತು. ಪೀರ್ ಸಾಹೇಬರ ಹೆಸರು ಹೇಳಿದರೆ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ತಲೆಯಾಡಿಸುತ್ತಾರೆ? ವೀರಣ್ಣನವರ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲಿದೆ, ಸಂತೋಷ. ಆದರೆ ಆ ಪರದೆಗಳು, ಹಾರ್ಮೋನಿಯಂಗಳು, ಮಾತು ಬರೆದ ಪುಸ್ತಕಗಳು ಒಂದೊಂದು ಮನೆಯ ಅಟ್ಟಕ್ಕೆ ಚದುರಿಹೋದವು.

ಗುಬ್ಬಿಯಿಂದ ತುಮಕೂರಿಗೆ ಬಂದು ಕುಣಿಗಲ್ ರಸ್ತೆ ಹಿಡಿದೆವು. ಗೂಳೂರಿನಲ್ಲಿ ಜನ ಗಣಪತಿಯನ್ನು ತೋರಿಸುತ್ತಾರೆ; ‘ಶೂನ್ಯಸಂಪಾದನೆ’ಯ ಕೊನೆಯ ಪರಿಷ್ಕರಣ ಮಾಡಿದ ಸಿದ್ಧವೀರಣ್ಣೊಡೆಯರೂ ಗೂಳೂರಿನ ಹೆಸರಿನವರೇ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಕುಣಿಗಲ್‌ನಲ್ಲಿ ಹೈದರ್-ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ಹಾದು ಕೆರೆಯ ಏರಿಯ ಮೇಲೆ ನಿಂತೆವು. ಆ ಕೆರೆಯ ಹಾಡು ಗೊತ್ತಿಲ್ಲದ ಕನ್ನಡಿಗನಿಲ್ಲ. ಗಯಟೆಯ ಮನೆಗೆ ಟಿಕೇಟು ಕೊಂಡು ಹೋಗಬಹುದು. ಈ ಹಾಡು ಕಟ್ಟಿದವರ ಮನೆ ಯಾವುದು, ಜಾತಿ ಯಾವುದು, ಗಂಡೋ ಹೆಣ್ಣೋ, ಯಾರಿಗೂ ತಿಳಿಯದು. ಅದಕ್ಕೆ ಮ್ಯೂಸಿಯಂ ಬೇಡ, ಹಾಡುವವರು ಇರುವಷ್ಟು ದಿನ ಅದು ಇರುತ್ತದೆ. ಕಾಗದದ್ದು ಬೇರೆ ಮಾತು.

ಆ ಮಾತು ಬಂದದ್ದು ಕುಣಿಗಲ್ ಮೇಷ್ಟರ ಮನೆಯಲ್ಲಿ, ಊಟದ ಮೇಲೆ. ಅವರ ದಾದಾ ನಾಟಕ ಕಂಪನಿಗಳ ಹಿಂದೆ ಊರೂರು ತಿರುಗಿ ತಬಲ ಬಾರಿಸಿದವರು. ಅವರ ತಗಡಿನ ಟ್ರಂಕು ಇನ್ನೂ ಇದೆ. ಒಳಗೆ ಬಣ್ಣಗೆಟ್ಟ ಹ್ಯಾಂಡ್‌ಬಿಲ್ಲುಗಳು, ಲೆಕ್ಕದ ಚೀಟಿಗಳು, ಒಂದು ದಪ್ಪ ನೋಟ್‌ಬುಕ್ಕು. ಬಿಡಿಸಿದರೆ ಬಲದಿಂದ ಎಡಕ್ಕೆ ಉರ್ದು ಲಿಪಿ. ಓದಿದರೆ ಕನ್ನಡ! ದಾದಾ ಮದರಸಾದಲ್ಲಿ ಅಕ್ಷರ ಕಲಿತವರು, ಕನ್ನಡ ಲಿಪಿ ಬಾರದು; ‘ಸದಾರಮೆ’ ನಾಟಕದ ಮಾತುಗಳನ್ನು ಕೇಳಿ ಕೇಳಿ ತಮಗೆ ಬಂದ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಅಂಚುಗಳನ್ನು ಗೆದ್ದಲು ತಿಂದಿದೆ. ಮನೆಯಲ್ಲಿ ಆ ಲಿಪಿಯನ್ನೂ ಈ ಭಾಷೆಯನ್ನೂ ಬಲ್ಲವರು ಮೇಷ್ಟರೊಬ್ಬರೇ. ಮಗ ಇಂಗ್ಲಿಷಿನಲ್ಲಿ ಓದಿ ಪುಣೆಯಲ್ಲಿದ್ದಾನೆ.

ನಮ್ಮ ಪಟ್ಟಿಯಲ್ಲಿ ಮಾರ್ಬಾಖ್ ಎಂಬ ಚಿಕ್ಕ ಊರೂ ಇತ್ತು. ಕಾಫ್ಕಾನ ‘ವಿಚಾರಣೆ’ಯ ಹಸ್ತಪ್ರತಿಯನ್ನು 1988ರ ಹರಾಜಿನಲ್ಲಿ ಕೊಂಡು ಇಟ್ಟಿರುವ ಸಾಹಿತ್ಯ ಭಂಡಾರ ಅಲ್ಲಿದೆ. ಕಾಫ್ಕಾನ ಸರಿಸಮಕ್ಕೆ ನಮ್ಮ ತಬಲದವರನ್ನು ಯಾರೂ ಕೂರಿಸುತ್ತಿಲ್ಲ. ಆದರೆ ಕುಣಿಗಲ್‌ನ ಒಬ್ಬ ಮುಸಲ್ಮಾನ ಕನ್ನಡ ನಾಟಕವನ್ನು ಉರ್ದು ಅಕ್ಷರದಲ್ಲಿ ಬರೆದಿಟ್ಟುಕೊಂಡದ್ದಕ್ಕೆ ಸಾಕ್ಷಿ ಆ ಟ್ರಂಕು ಒಂದೇ. ಕನ್ನಡ ನಿಮ್ಮದೇ ಎಂದು ನಮ್ಮನ್ನು ಕೇಳುವವರು ಇವತ್ತೂ ಇದ್ದಾರೆ.

ಪ್ರವಾಸ ಮುಂದಕ್ಕೆ ಹೋಗಿದೆ, ಬಿಟ್ಟಿಲ್ಲ. ಗುಬ್ಬಿಯವರ ತಾಯಿ ‘ಮಕ್ಕಾ ನೋಡದ ಕಣ್ಣಿಗೆ ಜರ್ಮನಿ ಯಾಕಪ್ಪಾ?’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಆಕೆಯನ್ನು ಉಮ್ರಾಕ್ಕೆ ಕರೆದುಕೊಂಡು ಹೋಗಿಬಂದ ಮೇಲೆಯೇ ಅವರು ಹೊರಡುವುದು. ಅವರನ್ನು ಬಿಟ್ಟು ನಾವು ಹೋಗುವವರಲ್ಲ. ಬರ್ಲಿನ್ನಿನ ಪೆರ್ಗಮಾನನ್ನೂ ದುರಸ್ತಿಗೆಂದು 2023ರ ಅಕ್ಟೋಬರಿನಲ್ಲಿ ಪೂರ್ತಿ ಮುಚ್ಚಿ, ಇಸ್ಲಾಮೀ ವಿಭಾಗವನ್ನು 2027ರಲ್ಲಿ ತೆರೆಯುವುದಾಗಿ ಹೇಳಿದ್ದರು. ತಡವಾದರೆ ಅದನ್ನೂ ನೋಡಬಹುದು.

ಅಲ್ಲಿಯವರೆಗೆ ಭಾನುವಾರಗಳು ಕುಣಿಗಲ್‌ನಲ್ಲಿ. ಒಬ್ಬರು ಮೊದಲು ಪ್ರತಿ ಪುಟದ ಫೋಟೋ ತೆಗೆಯುತ್ತಾರೆ. ಮೇಷ್ಟರು ಗಟ್ಟಿಯಾಗಿ ಓದುತ್ತಾರೆ, ನಾವು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತೇವೆ. ಉರ್ದುವಿನಲ್ಲಿ ‘ಳ’ ಇಲ್ಲ, ‘ಲ’ದಿಂದಲೇ ನಡೆಸಬೇಕು. ವೀರಣ್ಣನವರಿಗೆ ಹೆಸರು ತಂದ ಕಳ್ಳನ ಪಾತ್ರ ಬಂದಾಗಲೆಲ್ಲ ದಾದಾ ‘ಕಲ್ಲ’ ಎಂದೇ ಬರೆದಿದ್ದಾರೆ; ಯಾವುದು ಕಲ್ಲು, ಯಾವುದು ಕಳ್ಳ ಎಂದು ಪ್ರತಿ ಸಲ ನಿಂತು ತೀರ್ಮಾನಿಸಬೇಕಾಗುತ್ತದೆ. ಇದುವರೆಗೆ ಹದಿನೇಳು ಪುಟ ಆಗಿದೆ, ಇನ್ನು ಎಂಬತ್ತರ ಮೇಲಿವೆ.